ಖಾಲಿ ಬಾಬಿನ್ನಿಗೆ ನೂಲು ಹಿಡಿಸುವಾಗ

ಜೂನ್ ೫

ಕಡ್ಡೀ,

ನಿನ್ನ ಕಾಗದ ಬಂತು. ಕೆಳಗಿನ ಅಂಗಡಿಯ ದರ್ಜಿ ಅದನ್ನು ಮೂಸಿ ನೋಡಿ, "ಅಜ್ಜೀ, ನಿಮ್ಮ ಮೊಮ್ಮಗಳು ಮಷೀನೆಣ್ಣೆ ವಾಸನೆ ಕಳಿಸಿದಾಳೆ" ಅಂದ. "ನಿನ್ನ ಮೂಗನ್ನ ನಿನ್ನ ಅಂಗಡಿ ಒಳಗೇ ಇಟ್ಕೊಳ್ಳಪ್ಪ" ಅಂತ ಕಿತ್ತುಕೊಂಡು ಬಂದೆ. ಮೆಟ್ಟಿಲು ಹತ್ತುತ್ತಲೇ ಓದಿದೆನಲ್ಲ, ಕಾಲು ತಪ್ಪಿ ಮಂಡಿ ತರಚಿತು. ಆ ಗಾಯ ನಿನ್ನ ತಲೆಯ ಮೇಲಿರಲಿ.

ನೀನು ಹೇಳಿದ್ದು ಸರಿ, ಕಾಗದವೇ ಮೇಲು. ಭಾನುವಾರ ಹಾಸ್ಟೆಲಿನ ಮೇಟ್ರನ್ ಮೇಜಿನ ಮುಂದೆ ಸಾಲು ನಿಂತು, ಹಿಂದಿನವಳ ಉಸಿರು ಕುತ್ತಿಗೆಗೆ ತಾಗುತ್ತಿರುವಾಗ ಫೋನಿನಲ್ಲಿ "ಚೆನ್ನಾಗಿದೀನಿ, ಚೆನ್ನಾಗಿದೀನಿ" ಅಂತೀಯ. ಗಿಳಿ ಸಾಕಿದ್ದರೂ ಅಷ್ಟು ಹೇಳುತ್ತಿತ್ತು. ನನ್ನ ಒತ್ತಕ್ಷರಗಳನ್ನು ನೋಡಿ ನಗಬೇಡ. ಶಾಲೆಯಲ್ಲಿ ನನಗೆ ಒತ್ತಕ್ಷರ ಕಲಿಸುವ ಹೊತ್ತಿಗೆ ಮನೆಯಲ್ಲಿ ತಮ್ಮ ಹುಟ್ಟಿದ. ಅವನನ್ನು ಎತ್ತಿಕೊಳ್ಳಲು ಕರೆದುಕೊಂಡು ಬಂದುಬಿಟ್ಟರು.

ನಿನ್ನಪ್ಪ ಇನ್ನೂ ಮುಖ ಬಿಗಿದುಕೊಂಡೇ ಲಾರಿ ಹತ್ತುತ್ತಾನೆ. ನಿನ್ನನ್ನು ನೂಲಿನ ಗಿರಣಿಗೆ ಕಳಿಸುವ ದಿನ ನನಗೆ ಏನು ಹೇಳಿದ ಅಂತ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಕೇಳು. "ಅಮ್ಮ, ನೀನು ಹಟ ಹಿಡಿದೆ ಅಂತ ಕಳಿಸ್ತಿದೀನಿ. ಅವಳ ಮೈಮೇಲೆ ಒಂದು ಗೀರು ಬಿದ್ರೂ ಮಾರನೇ ದಿನ ಕರ್ಕೊಂಡು ಬರ್ತೀನಿ. ಆಮೇಲೆ ಅವಳು ಈ ಹೊಸ್ತಿಲು ದಾಟೋ ಮಾತು ಎತ್ತಬೇಡ." ಆಯಿತಪ್ಪ, ನಾನು ಜವಾಬ್ದಾರಿ ಅಂದೆ. ಅಂದಮೇಲೆ ನನಗೆ ಕೇಳುವ ಹಕ್ಕಿದೆ.

ನೂಲು ತುಂಬಿದ ಬಾಬಿನ್ ಕೊಳವೆಗಳನ್ನು ಕಿತ್ತು, ತಿರುಗುವ ಕದಿರುಗಳಿಗೆ ಖಾಲಿ ಬಾಬಿನ್ ಒತ್ತಿ, ಮತ್ತೆ ನೂಲು ಹಿಡಿಸುವುದು ನಿನ್ನ ಕೆಲಸ ಅಂತ ಬರೆದಿದ್ದೀಯ. ನಿನ್ನ ವಯಸ್ಸಿನಲ್ಲಿ ನಾನೂ ನೇಯುವವರ ಮನೆಗೆ ರಾಟೆಯಲ್ಲಿ ನೂಲು ಸುತ್ತಿ ಕೊಡುತ್ತಿದ್ದೆ. ಖಾಲಿ ಬಾಬಿನ್ನಿನಂಥ ಜಾರುಬುರುಕಿ ಇನ್ನೊಂದಿಲ್ಲ. ಒಂದು ಸುತ್ತು ನೂಲು ಕೂತಿತೋ, ಆಮೇಲೆ ತಾನಾಗಿ ಸುತ್ತಿಕೊಳ್ಳುತ್ತದೆ. ಆ ಮೊದಲನೇ ಸುತ್ತಿಗೇ ಸೊಕ್ಕು. ತುದಿಯನ್ನು ನಾಲಿಗೆಗೆ ತಾಗಿಸಿ, ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು, ಚಕ್ರವನ್ನು ಮೆಲ್ಲಗೆ ಆಡಿಸಬೇಕು. ನನ್ನ ಚಕ್ರ ನಾನು ತಿರುಗಿಸಿದರೆ ತಿರುಗುತ್ತಿತ್ತು, ಕೈಬಿಟ್ಟರೆ ನಿಲ್ಲುತ್ತಿತ್ತು. ನಿನ್ನದು ಕರೆಂಟಿನದು, ಅದಕ್ಕೆ ನಿನ್ನ ಗುರುತಿಲ್ಲ.

ನೂಲು ಹಿಡಿಯದ ಬಾಬಿನ್ನಿಗೆ ನೀನು ಕೈ ಹಾಕುವಾಗ ಯಂತ್ರ ನಿಂತಿರುತ್ತದೋ, ಓಡುತ್ತಿರುತ್ತದೋ? ಇದಕ್ಕೆ ಉತ್ತರ ಬರೆ. ಉಳಿದದ್ದನ್ನು ಬರೆದರೂ ಸರಿ, ಬಿಟ್ಟರೂ ಸರಿ.

ಮಂಡಿಗೆ ಎಣ್ಣೆ ಹಚ್ಚುತ್ತಾ,
ನಿನ್ನ ಅಜ್ಜಿ

&nbsp;

ಜೂನ್ ೧೬

ಪ್ರೀತಿಯ ಅಜ್ಜೀ,

ಮಂಡಿ ಹೇಗಿದೆ? ಇನ್ನು ಮೇಲೆ ಕೂತು ಓದಿ.

ಹಾಸ್ಟೆಲು ಚೆನ್ನಾಗಿದೆ. ನಮ್ಮ ಕೋಣೆಗೆ ಒಂದೇ ಕಿಟಕಿ, ಅದರಿಂದ ಶೆಡ್ಡಿನ ಹಿಂಬಾಗಿಲು ಕಾಣುತ್ತದೆ. ಹತ್ತಿಯ ಧೂಳು ಎಲ್ಲ ಕಡೆ, ಕಣ್ಣಿನ ರೆಪ್ಪೆ ಮೇಲೂ. ಮೊದಲ ವಾರ ನಾವೆಲ್ಲ ಒಬ್ಬರನ್ನೊಬ್ಬರು ನೋಡಿ ಮುದುಕಿಯರಾದೆವು ಅಂತ ನಗುತ್ತಿದ್ದೆವು.

ನನ್ನ ಪಕ್ಕದ ಯಂತ್ರದವಳನ್ನು ಎಲ್ಲರೂ ಗುಬ್ಬಿ ಅನ್ನುತ್ತಾರೆ. ಇಷ್ಟೇ ಇದ್ದಾಳೆ, ಆದರೆ ಶೆಡ್ಡಿನ ಗದ್ದಲದ ಮೇಲೂ ಅವಳ ಧ್ವನಿ ಕೇಳುತ್ತದೆ. ಅಪ್ಪ ಅಮ್ಮ ಇಲ್ಲ, ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳು. ನಿಮ್ಮ ಕಾಗದ ಓದಿ ಹೇಳಿದೆ. "ನಿಮ್ಮಜ್ಜೀನ ನಂಗೆ ಸ್ವಲ್ಪ ದಿನ ಕೊಡೇ, ಮೇಟ್ರನ್ ಮೇಲೆ ಬಿಡ್ತೀನಿ" ಅಂದಳು. ನಮ್ಮ ಸಾಲಿನ ಮೇಲ್ವಿಚಾರಕನಿಗೆ ಗಡಿಯಾರ ಅಂತ ಹೆಸರಿಟ್ಟವಳೂ ಅವಳೇ. ಅವನು ನಮ್ಮ ಮುಖ ನೋಡಿ ಮಾತಾಡುವುದಿಲ್ಲ, ಕೈಗಡಿಯಾರ ನೋಡಿಕೊಂಡೇ ಮಾತಾಡುತ್ತಾನೆ.

ಊಟ ಪರವಾಗಿಲ್ಲ. ಅಮ್ಮನಿಗೆ ಹೇಳಿ, ಕೊಟ್ಟ ಹೊದಿಕೆ ಬೆಚ್ಚಗಿದೆ.

ನಿಮ್ಮ ಮೊಮ್ಮಗಳು,
ಕಡ್ಡಿ

&nbsp;

ಜೂನ್ ೨೨

ಕಡ್ಡೀ,

ಕಿಟಕಿ ಬಂತು. ಧೂಳು ಬಂತು. ಗುಬ್ಬಿ, ಗಡಿಯಾರ, ಹೊದಿಕೆ ಎಲ್ಲ ಬಂತು. ನಾನು ಕೇಳಿದ್ದು ಎಲ್ಲಿ?

ನಿನ್ನಪ್ಪನೂ ಚಿಕ್ಕವನಿದ್ದಾಗ ಹೀಗೆಯೇ. ಲೋಟ ಒಡೆದ ದಿನ ಬೆಕ್ಕಿನ ಕಥೆ, ನಾಯಿಯ ಕಥೆ, ಮಾಸ್ತರರ ಕಥೆ ಎಲ್ಲ ಹೇಳುತ್ತಿದ್ದ. ನಾನು ಸೀದಾ ಹೋಗಿ ಒಲೆಯ ಹಿಂದೆ ಚೂರು ಹುಡುಕುತ್ತಿದ್ದೆ.

ನಿಂತಿರುತ್ತದೋ, ಓಡುತ್ತಿರುತ್ತದೋ?

ಅಜ್ಜಿ

&nbsp;

ಜುಲೈ ೩

ಅಜ್ಜೀ,

ಓಡುತ್ತಿರುತ್ತದೆ.

ಸಿಟ್ಟಾಗಬೇಡಿ, ಪೂರ್ತಿ ಓದಿ. ಯಂತ್ರದ ಮುಂದೆ ಉದ್ದಕ್ಕೆ ಒಂದು ಬಾಗಿಲಿದೆ. ಅದರ ಅಂಚಿನಲ್ಲಿ ಒಂದು ಗುಂಡಿ. ಬಾಗಿಲು ಮುಚ್ಚಿದಾಗ ಗುಂಡಿ ಒತ್ತಿಕೊಳ್ಳುತ್ತದೆ, ಯಂತ್ರ ಓಡುತ್ತದೆ. ತೆರೆದರೆ ತಾನಾಗಿ ನಿಲ್ಲುತ್ತದೆ. ಹಾಗೆಯೇ ಮಾಡಿದ್ದಾರೆ, ಒಳ್ಳೆಯದಕ್ಕೇ ಮಾಡಿದ್ದಾರೆ.

ಆದರೆ ನೀವೇ ಬರೆದಿರಲ್ಲ, ಮೊದಲನೇ ಸುತ್ತಿಗೆ ಸೊಕ್ಕು ಅಂತ. ನಮ್ಮ ಬಾಬಿನ್ನುಗಳು ಹಳೆಯವು, ಸವೆದು ನುಣ್ಣಗಾಗಿವೆ. ಕದಿರಿನ ಬುಡದಲ್ಲಿ ಹಿಂದಿನ ನೂಲಿನ ತುದಿ ಉಳಿದಿರುತ್ತದೆ, ಅದರ ಮೇಲೆ ಖಾಲಿ ಬಾಬಿನ್ ಒತ್ತಿ ಶುರು ಮಾಡುತ್ತೇವೆ. ಹೆಚ್ಚಿನವು ಹಿಡಿಯುತ್ತವೆ. ಕೆಲವು ಜಾರುತ್ತವೆ. ಜಾರಿದ್ದಕ್ಕೆ ಕೈಯಿಂದ ನೂಲು ಸುತ್ತಬೇಕು. ಅದಕ್ಕೆ ಬಾಗಿಲು ತೆರೆದರೆ ಇಡೀ ಯಂತ್ರ ನಿಲ್ಲುತ್ತದೆ. ಮತ್ತೆ ಶುರು ಮಾಡಿದಾಗ, ಚೆನ್ನಾಗಿ ಸುತ್ತುತ್ತಿದ್ದ ಬೇರೆ ಎಳೆಗಳು ಜಗ್ಗಿ ಹರಿಯುತ್ತವೆ. ಅವನ್ನು ಕಟ್ಟಲು ಮತ್ತೆ ತೆರೆಯಬೇಕು. ಹೀಗೆ ಮುಗಿಯುವುದೇ ಇಲ್ಲ. ಗಡಿಯಾರ ಬಂದು ಪಕ್ಕದಲ್ಲಿ ನಿಂತು "ಯಾಕೆ ನಿಂತಿದೆ?" ಅನ್ನುತ್ತಾನೆ. ಅಷ್ಟೇ. ಬೈಯುವುದಿಲ್ಲ. ನಮ್ಮ ಸಾಲು ಹಿಂದೆ ಬಿದ್ದರೆ ಸಾಲಿಗೆಲ್ಲ ಚಹಾದ ಬಿಡುವು ಇಲ್ಲ.

ಅದಕ್ಕೆ ಹುಡುಗಿಯರು ಆ ಗುಂಡಿಗೆ ಒಂದು ಹೇರ್‌ಪಿನ್ ಸಿಕ್ಕಿಸುತ್ತಾರೆ. ಬಾಗಿಲು ತೆರೆದರೂ ಗುಂಡಿ ಒತ್ತಿಕೊಂಡೇ ಇರುತ್ತದೆ, ಯಂತ್ರ ಓಡುತ್ತಲೇ ಇರುತ್ತದೆ. ಸಿಕ್ಕಿಸಿ ಅಂತ ಯಾರೂ ಹೇಳಿಲ್ಲ. ಆದರೆ ಕಳೆದ ತಿಂಗಳು ಗಡಿಯಾರ ನಮಗೆಲ್ಲ ಒಂದೊಂದು ಹಾಳೆ ಹೇರ್‌ಪಿನ್ ಹಂಚಿದ. ತಲೆಗೆ ಟೋಪಿ ಹಾಕುವವರಿಗೆ ಹೇರ್‌ಪಿನ್ ಯಾಕೆ ಅಂತ ಯಾರೂ ಕೇಳಲಿಲ್ಲ. ಗುಬ್ಬಿ ಮಾತ್ರ "ಮದುವೆ ಮಾಡಿಸ್ತೀರಾ ಸಾರ್?" ಅಂದಳು.

ಅಪ್ಪನಿಗೆ ಹೇಳಬೇಡಿ ಅಜ್ಜಿ. ನನಗೆ ಈ ಕೆಲಸ ಇಷ್ಟ. ಬಾಬಿನ್ನುಗಳೆಲ್ಲ ಒಮ್ಮೆಗೇ ನೂಲು ಹಿಡಿದು ಮೇಲೇರುವಾಗ ನೋಡಲು ಎಷ್ಟು ಚೆಂದ ಗೊತ್ತಾ. ದಮ್ಮಯ್ಯ.

ಕಡ್ಡಿ

&nbsp;

ಜುಲೈ ೯

ಕಡ್ಡೀ,

ನಿನ್ನ ಕಾಗದ ಓದಿ ಅಡುಗೆಮನೆಗೆ ಹೋದೆ. ನಿನ್ನಮ್ಮ "ಏನಂತೆ ಅತ್ತೆ?" ಅಂದಳು. ಚೆನ್ನಾಗಿದ್ದಾಳಂತೆ ಅಂದೆ. ಅವಳು ನನ್ನ ಮುಖ ನೋಡಿದಳು, ನಾನು ಪಾತ್ರೆ ತೊಳೆಯತೊಡಗಿದೆ. ಈ ವಯಸ್ಸಿನಲ್ಲಿ ಸೊಸೆಯ ಹತ್ತಿರ ಸುಳ್ಳು ಹೇಳಿಸುತ್ತೀಯ. ನಾನು ಯಾವತ್ತೂ ಪಾತ್ರೆ ತೊಳೆಯುವವಳಲ್ಲ, ಅವಳಿಗೆ ಅಲ್ಲೇ ಅರ್ಧ ಗೊತ್ತಾಗಿರಬೇಕು.

ನಿನ್ನಪ್ಪನಿಗೆ ಹೇಳಿದರೆ ಈ ಹೊತ್ತೇ ಲಾರಿ ತಿರುಗಿಸುತ್ತಾನೆ. ನೀನು ಬಂದು ಈ ಮಹಡಿಯಲ್ಲಿ ಕೂರುತ್ತೀಯ, ನಿನ್ನ ಬೆರಳು ಹತ್ತೂ ಸುರಕ್ಷಿತವಾಗಿರುತ್ತವೆ, ನೀನು ನನ್ನನ್ನು ಸಾಯುವ ತನಕ ಕ್ಷಮಿಸುವುದಿಲ್ಲ. ಹೇಳದಿದ್ದರೆ ಆ ಬಾಗಿಲು ತೆರೆದಾಗೆಲ್ಲ ನನ್ನ ಎದೆ ಇಲ್ಲಿ ಧಸಕ್ ಅನ್ನುತ್ತದೆ. ಎಂಥ ಅಡಕತ್ತರಿಗೆ ನನ್ನನ್ನು ಸಿಕ್ಕಿಸಿದೆ ನೋಡು.

ಹೇಳುವುದಿಲ್ಲ. ಆದರೆ ಷರತ್ತಿದೆ. ನಿನ್ನ ಯಂತ್ರದ ಪಿನ್ನನ್ನು ಕಿತ್ತು ಹಾಕು. ಬೇರೆಯವರು ಏನಾದರೂ ಮಾಡಿಕೊಳ್ಳಲಿ. ನಿನ್ನದು ನಿಲ್ಲಬೇಕು. ಆ ಗಡಿಯಾರ ಬಂದು "ಯಾಕೆ ನಿಂತಿದೆ?" ಅಂದರೆ "ನಿಲ್ಲೋಕೇ ಮಾಡಿದಾರೆ ಸಾರ್" ಅನ್ನು. ನಾಲಿಗೆ ಹೊರಡದಿದ್ದರೆ ನನ್ನನ್ನು ನೆನೆಸಿಕೋ, ತಾನಾಗಿ ಹೊರಡುತ್ತದೆ.

ಕಿತ್ತೆ ಅಂತ ಬರೆ.

ನಿನ್ನ ಅಜ್ಜಿ

&nbsp;

ಜುಲೈ ೧೮

ಅಜ್ಜೀ,

ಕಿತ್ತೆ.

ಗುಬ್ಬಿ ನಗುತ್ತಾಳೆ. ಶೆಡ್ಡಿಗೆಲ್ಲ "ಕಡ್ಡಿ ಮಷೀನು ಮರ್ಯಾದಸ್ಥ ಮಷೀನು, ಬಾಗಿಲು ತೆಗೆದ್ರೆ ಎದ್ದು ನಿಲ್ಲುತ್ತೆ" ಅಂತ ಸಾರಿದ್ದಾಳೆ. ಬೇರೆಯವರಿಗೆ ಅಷ್ಟು ನಗು ಬರುತ್ತಿಲ್ಲ. ನಮ್ಮ ಸಾಲಿಗೆ ಈ ವಾರ ಚಹಾ ಇರಲಿಲ್ಲ.

ಕಡ್ಡಿ

&nbsp;

ಆಗಸ್ಟ್ ೪

ಕಡ್ಡೀ,

ನಾನು ಬರೆದ ಕಾಗದ ಸಿಕ್ಕಿತೋ ಇಲ್ಲವೋ. ಎರಡು ಭಾನುವಾರ ಫೋನೂ ಇಲ್ಲ. ನಿನ್ನಮ್ಮ ಮೇಟ್ರನ್ನಿಗೆ ಫೋನ್ ಮಾಡಿದರೆ "ಎಲ್ಲಾ ಹುಡುಗೀರೂ ಚೆನ್ನಾಗಿದಾರೆ" ಅಂದಳಂತೆ. ನಾವು ಕೇಳಿದ್ದು ಒಬ್ಬಳನ್ನು. ಎಲ್ಲರ ಸುದ್ದಿ ಹೇಳುವವಳನ್ನು ನಾನು ನಂಬುವುದಿಲ್ಲ.

ಸಿಟ್ಟಿದ್ದರೆ ಬೈದು ಬರೆ. ಬರೀ ಕವರು ಕಳಿಸಿದರೂ ಸರಿ, ಮೇಲಿನ ವಿಳಾಸ ನಿನ್ನ ಕೈಯದೇ ಅಂತ ನೋಡಿಕೊಳ್ಳುತ್ತೇನೆ.

ಅಜ್ಜಿ

&nbsp;

ಆಗಸ್ಟ್ ೯

ಅಜ್ಜೀ,

ನನ್ನ ಕೈ ಚೆನ್ನಾಗಿದೆ. ಅದನ್ನು ಮೊದಲು ಹೇಳುತ್ತೇನೆ. ನನ್ನ ಕೈಗೆ ಏನೂ ಆಗಿಲ್ಲ.

ಗುಬ್ಬಿಯ ಕೈ ಸಿಕ್ಕಿಕೊಂಡಿತು. ಬಲಗೈ. ಕೊನೆಯ ಎರಡು ಬೆರಳು ಪೂರ್ತಿ ಹೋಗಿವೆ, ನಡುಬೆರಳು ಅರ್ಧ. ನಮ್ಮೂರಿನ ದೊಡ್ಡ ಆಸ್ಪತ್ರೆಗೇ ಕಳಿಸಿದ್ದಾರೆ. ಅವಳ ಚಿಕ್ಕಮ್ಮ ಒಂದು ಸಲ ಬಂದು ನೋಡಿಹೋದರಂತೆ.

ಅಜ್ಜಿ, ಅದು ನನ್ನ ಯಂತ್ರ.

ನಿಮಗೆ ಬರೆದ ಹಾಗೆ ಪಿನ್ನು ಕಿತ್ತಿದ್ದೆ. ಆಣೆ ಮಾಡಿ ಹೇಳುತ್ತೇನೆ, ಕಿತ್ತಿದ್ದೆ. ಆದರೆ ನನ್ನ ಒಬ್ಬಳ ಯಂತ್ರ ನಿಂತು ನಿಂತು ಸಾಲಿಗೆಲ್ಲ ಚಹಾ ತಪ್ಪಿತು. ನನ್ನ ಕೋಣೆಯವರೇ ನನ್ನ ಹತ್ತಿರ ಮಾತು ಬಿಟ್ಟರು. ಸ್ನಾನದ ಸಾಲಿನಲ್ಲಿ ನನ್ನ ಬಕೆಟ್ಟನ್ನು ಹಿಂದಕ್ಕೆ ಸರಿಸುತ್ತಿದ್ದರು. ಆ ದಿನ ಬೆಳಿಗ್ಗೆ, ಒಂದು ದಿನ ಹಾಕೋಣ, ಇವತ್ತು ಎಲ್ಲರಿಗೂ ಚಹಾ ಸಿಗಲಿ ಅಂತ ಮತ್ತೆ ಪಿನ್ನು ಸಿಕ್ಕಿಸಿದೆ. ಯಾರಿಗೂ ಹೇಳಲಿಲ್ಲ. ನಿಮಗೆ ಕೊಟ್ಟ ಮಾತು ಮುರಿದೆನಲ್ಲ ಅಂತ ನಾಚಿಕೆ ಇತ್ತು.

ಖಾಲಿ ಬಾಬಿನ್ನಿನ ಬುಟ್ಟಿ ತರಲು ಹೋಗಿದ್ದೆ. ನನ್ನ ಯಂತ್ರದಲ್ಲಿ ಒಂದು ಬಾಬಿನ್ ನೂಲು ಹಿಡಿದಿರಲಿಲ್ಲ. ಗುಬ್ಬಿ ಅದನ್ನು ನೋಡಿ ನನಗಾಗಿ ಸುತ್ತಿಬಿಡೋಣ ಅಂತ ಬಂದಳು. ಬಾಗಿಲು ತೆರೆದರೆ ನನ್ನ ಯಂತ್ರ ನಿಲ್ಲುತ್ತದೆ ಅಂತ ಶೆಡ್ಡಿಗೆಲ್ಲ ಸಾರಿದವಳು ಅವಳು. ನಿಲ್ಲಲು ಒಂದು ಉಸಿರಿನಷ್ಟು ಹೊತ್ತು ಬೇಕು. ಅವಳು ಅದಕ್ಕೂ ಕಾಯುವವಳಲ್ಲ. ನಿಂತೇ ನಿಲ್ಲುತ್ತದೆ ಅಂತ ಬಾಗಿಲು ತೆರೆದು ಕೈ ಹಾಕಿಬಿಟ್ಟಳು. ತನ್ನ ಯಂತ್ರಕ್ಕೆ ಅವಳು ಹಾಗೆ ಯಾವತ್ತೂ ಕೈ ಹಾಕುತ್ತಿರಲಿಲ್ಲ, ಅದು ಓಡುತ್ತದೆ ಅಂತ ಗೊತ್ತಿತ್ತು, ಎಚ್ಚರದಿಂದ ಇರುತ್ತಿದ್ದಳು.

ಬರುವ ತಿಂಗಳು ವಿಚಾರಣೆ ಇದೆ. ಸರ್ಕಾರದಿಂದ ಇನ್ಸ್‌ಪೆಕ್ಟರು ಬರುತ್ತಾರೆ. ಪಿನ್ನು ಗುಬ್ಬಿಯೇ ಸಿಕ್ಕಿಸಿದ್ದು ಅಂತ ಕಂಪನಿಯವರು ಹೇಳುತ್ತಿದ್ದಾರೆ. ಹಾಗೆಂದಾದರೆ ತಪ್ಪು ಅವಳದು, ಕೆಲಸವೂ ಇಲ್ಲ, ಆಸ್ಪತ್ರೆಯ ಖರ್ಚನ್ನೂ ಕೊಡುವುದಿಲ್ಲ. ಗಡಿಯಾರ ನನ್ನನ್ನು ಕರೆದ. ಮೊದಲನೇ ಸಲ ನನ್ನ ಮುಖ ನೋಡಿ ಮಾತಾಡಿದ. "ಗುಬ್ಬೀನೇ ಒಪ್ಕೊಂಡಿದಾಳಮ್ಮ. ನಿನ್ನ ಕೇಳಿದಾಗ ಹೂಂ ಅನ್ನು, ಮುಗೀತು. ಮುಂದಿನ ತಿಂಗಳಿಂದ ಈ ಸಾಲು ನೀನೇ ನೋಡ್ಕೋ."

ಅವಳು ಯಾಕೆ ಒಪ್ಪಿಕೊಂಡಳು? ಅವಳಿಗೆ ಜ್ವರದಲ್ಲಿ ಏನಾದರೂ ಹೇಳಿಸಿದರಾ? ನಾನು ಏನು ಮಾಡಲಿ ಅಜ್ಜಿ?

ಕಡ್ಡಿ

&nbsp;

ಆಗಸ್ಟ್ ೧೪

ಕಡ್ಡೀ,

ಹೂಂ ಅನ್ನು.

ನಾನು ಯೋಚಿಸಿಯೇ ಬರೆಯುತ್ತಿದ್ದೇನೆ. ಆ ಹುಡುಗಿಯ ಬೆರಳು ನೀನು ಏನು ಹೇಳಿದರೂ ಮೊಳೆಯುವುದಿಲ್ಲ. ನಿನ್ನ ಬೆರಳುಗಳಿವೆ, ನನಗೆ ಅವು ಬೇಕು. ಪಿನ್ನು ನನ್ನದು ಅಂದರೆ ನಿನ್ನ ಮೇಲೆ ಕೇಸು ಹಾಕುತ್ತಾರೋ, ಪೊಲೀಸು ಬರುತ್ತದೋ, ಯಾರು ಕಂಡರು. ಕಂಪನಿಗೆ ದೊಡ್ಡ ಗೇಟಿದೆ, ನಿನಗೆ ಯಾರಿದ್ದಾರೆ, ಲಾರಿ ಓಡಿಸುವ ಅಪ್ಪ ಮತ್ತು ಒತ್ತಕ್ಷರ ಬಾರದ ಅಜ್ಜಿ. ಅವಳೇ ಒಪ್ಪಿಕೊಂಡಳಲ್ಲ. ಹೂಂ ಅಂದು, ತಿಂಗಳು ಕಳೆದ ಮೇಲೆ ಸದ್ದಿಲ್ಲದೆ ಕೆಲಸ ಬಿಟ್ಟು ಬಾ. ಬೇರೆ ಕಡೆ ಕೆಲಸ ಹುಡುಕಿದರಾಯಿತು. ನಿನ್ನಪ್ಪನಿಗೆ ನಾನು ಏನಾದರೂ ಹೇಳಿಕೊಳ್ಳುತ್ತೇನೆ.

ಕೆಟ್ಟ ಮುದುಕಿ ಅನ್ನು. ಅನ್ನಿಸಿಕೊಳ್ಳುತ್ತೇನೆ.

ಬುಧವಾರ ಆಸ್ಪತ್ರೆಗೆ ಹೋಗಿ ಅವಳನ್ನು ನೋಡಿ ಬರುತ್ತೇನೆ. ನಿನ್ನ ಸಮಾಧಾನಕ್ಕೆ. ಬಸ್ಸು ಬಾಗಿಲಲ್ಲೇ ನಿಲ್ಲುತ್ತದಂತೆ.

ಅಜ್ಜಿ

&nbsp;

ಆಗಸ್ಟ್ ೨೩

ಕಡ್ಡೀ,

ಹಿಂದಿನ ಕಾಗದವನ್ನು ಹರಿದು ಹಾಕು. ಹರಿದ ಮೇಲೆ ಇದನ್ನು ಓದು.

ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡು ಉದ್ದಕ್ಕಿದೆ. ಕೊನೆಯ ಮಂಚದಲ್ಲಿ ಇಷ್ಟೇ ಇಷ್ಟು ಹುಡುಗಿ, ಕೈಗೆ ತಲೆದಿಂಬಿನಷ್ಟು ಬಟ್ಟೆ ಸುತ್ತಿದ್ದಾರೆ. ನಾನು ಯಾರು ಅಂತ ಹೇಳುವ ಮೊದಲೇ "ಕಡ್ಡಿ ಅಜ್ಜೀನಾ? ಕಾಗದದಲ್ಲಿ ಇನ್ನೂ ದಪ್ಪ ಇದ್ರಿ" ಅಂದಳು. ಇಂಥವಳನ್ನು ನೋಡಲು ನಾನು ಹೆದರಿಕೊಂಡು ಹೋಗಿದ್ದೆ.

ಕೂದಲು ಜಡೆಗಟ್ಟಿ ಹೋಗಿತ್ತು. ಒಂದೇ ಕೈಯಲ್ಲಿ ಬಾಚಿಕೊಳ್ಳಲು ಆಗುವುದಿಲ್ಲ, ನರ್ಸಮ್ಮನಿಗೆ ಪುರುಸೊತ್ತಿಲ್ಲ. ಪಕ್ಕದ ಮಂಚದವರ ಬಾಚಣಿಗೆ ಇಸಿದುಕೊಂಡು ಹಿಂದೆ ಕೂತೆ. ಮುಖ ಕಾಣದಿದ್ದರೆ ಕೇಳುವುದು ಸುಲಭ. "ಪಿನ್ನು ನಿಂದು ಅಂತ ಯಾಕೆ ಹೇಳ್ದೆ?" ಅಂದೆ.

"ಮತ್ತೆ ಯಾರದ್ದು ಅನ್ನಲಿ?"

"ನಿಂಗೆ ಗೊತ್ತು ಯಾರದ್ದು ಅಂತ."

ತಲೆ ಅಲ್ಲಾಡಿಸಿದಳು. "ನೋಯುತ್ತೆ, ಮೆಲ್ಲಗೆ" ಅಂದಳು. ಆಮೇಲೆ, "ನಂದು ಹೋಯ್ತು ಅಜ್ಜಿ. ಅವಳದ್ದೂ ಯಾಕೆ ಹೋಗಬೇಕು? ಅವಳಿಗೆ ಆ ಕೆಲಸ ಅಂದ್ರೆ ಪ್ರಾಣ. ನೂಲು ಹಿಡೀವಾಗ ತೊಟ್ಟಿಲಲ್ಲಿರೋ ಮಗೂನ ನೋಡೋ ಹಾಗೆ ನೋಡ್ತಾಳೆ. ನಂಗೇನು, ನಾನು ಎಲ್ಲಿ ಬಿದ್ರೂ ಎದ್ದೇಳ್ತೀನಿ" ಅಂದಳು. ಎಲ್ಲಿಗೆ ಏಳುತ್ತಾಳೆ ಕಡ್ಡಿ? ಚಿಕ್ಕಮ್ಮ ಕೊಟ್ಟುಹೋದ ಚೀಲದಲ್ಲಿ ಅವಳ ಬಟ್ಟೆಯೆಲ್ಲ ಇತ್ತು. ಒಂದನ್ನೂ ಮನೆಯಲ್ಲಿ ಉಳಿಸಿಕೊಂಡಿಲ್ಲ.

ಹೂಂ ಅನ್ನು ಅಂತ ನಿನಗೆ ಹೇಳಿದ ಬಾಯಿ ನನ್ನದು. ಅದೇ ಬಾಯಲ್ಲಿ ಆ ಹುಡುಗಿಗೆ ಬೇಗ ವಾಸಿಯಾಗುತ್ತೆ ಅಂತ ಹೇಳಿ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಟಿಕೆಟಿನವನು ಎಲ್ಲಿಗೆ ಅಂದರೆ ಇಳಿಯುವ ಸ್ಟಾಪಿನ ಹೆಸರು ನೆನಪಾಗಲಿಲ್ಲ.

ಮನೆಗೆ ಬಂದು ನಿನ್ನಪ್ಪನಿಗೆ ಎಲ್ಲ ಹೇಳಿದೆ. ಊಟಕ್ಕೆ ಕೂತಿದ್ದ. ತಟ್ಟೆಯಲ್ಲಿ ಕೈ ಹಾಗೇ ನಿಂತಿತು. "ಯಾವ ಕೈ?" ಅಂದ. ನಮ್ಮವಳದಲ್ಲವೋ, ಗುಬ್ಬಿಯದು ಅಂದೆ. "ಗೊತ್ತಾಯ್ತು. ಯಾವ ಕೈ?" ಬಲಗೈ ಅಂದೆ. ತಟ್ಟೆ ಸರಿಸಿ, "ಪಿನ್ನಿನ ವಿಷಯ ನಿಂಗೆ ಯಾವಾಗಿಂದ ಗೊತ್ತಮ್ಮ?" ಅಂದ. ಜುಲೈಯಿಂದ ಅಂದೆ. ಎದ್ದು ಕೈ ತೊಳೆದ. ಅವತ್ತಿನಿಂದ ನನ್ನ ಹತ್ತಿರ ಮಾತಾಡಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಅಂದು ಹಗುರವಾಗುತ್ತಿದ್ದೆ. ಈ ಮೌನಕ್ಕೆ ನನ್ನ ಹತ್ತಿರ ಮದ್ದಿಲ್ಲ.

ವಿಚಾರಣೆಯಲ್ಲಿ ಏನು ಹೇಳಬೇಕು ಅಂತ ನಾನು ಹೇಳುವುದಿಲ್ಲ. ಎರಡು ಸಲ ಹೇಳಿ ನೋಡಿದೆ. ಮೊದಲನೇ ಸಲ ಪಿನ್ನು ಕೀಳು ಅಂತ ಹೇಳಿದ್ದು ಸರಿಯೇ ಇತ್ತು, ಆದರೆ ಅದನ್ನು ನಿನ್ನ ಒಬ್ಬಳ ತಲೆಗೆ ಹೊರಿಸಿದೆ. ಒಂಟಿ ಹುಡುಗಿ ಒಂದು ಸಾಲನ್ನೇ ಎದುರು ಹಾಕಿಕೊಂಡು ಎಷ್ಟು ದಿನ ನಿಂತಾಳು ಅಂತ ಯೋಚಿಸಲಿಲ್ಲ. ಎರಡನೇ ಸಲ ಹೇಳಿದ್ದು ಸರಿಯೂ ಅಲ್ಲ.

ನೀನು ಏನು ಹೇಳಿದರೂ ಈ ಮನೆಯ ಬಾಗಿಲು ನಿನಗಿದೆ. ಅದನ್ನು ಮಾತ್ರ ನಾನು ಜವಾಬ್ದಾರಿಯಿಂದ ಹೇಳಬಲ್ಲೆ.

ಅಜ್ಜಿ

&nbsp;

ಸೆಪ್ಟೆಂಬರ್ ೬

ಅಜ್ಜೀ,

ಇವತ್ತು ವಿಚಾರಣೆ ಮುಗಿಯಿತು. ಪೆಟ್ಟಿಗೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಾಡಿದ್ದು ಬೆಳಿಗ್ಗೆ ಕೋಣೆ ಖಾಲಿ ಮಾಡಬೇಕು.

ಮ್ಯಾನೇಜರ ಕೋಣೆಯಲ್ಲಿ ಉದ್ದ ಮೇಜು. ಒಂದು ಕಡೆ ಮ್ಯಾನೇಜರು, ಗಡಿಯಾರ. ಇನ್ನೊಂದು ಕಡೆ ಇನ್ಸ್‌ಪೆಕ್ಟರು. ಹೆಂಗಸು. ನೆಗಡಿಯಾಗಿತ್ತು, ಮಾತು ಮಾತಿಗೂ ಮೂಗು ಒರೆಸಿಕೊಳ್ಳುತ್ತಿದ್ದರು. ನಮ್ಮ ಸಾಲಿನವರನ್ನೆಲ್ಲ ಗೋಡೆಗೆ ನಿಲ್ಲಿಸಿದ್ದರು. ಒಬ್ಬೊಬ್ಬರನ್ನೇ ಕೇಳಿದರು, ಪಿನ್ನು ಸಿಕ್ಕಿಸಿದ್ದು ಗಾಯಗೊಂಡ ಹುಡುಗಿಯೇ? ಒಬ್ಬೊಬ್ಬರೂ ಹೂಂ ಅಂದರು. ನನ್ನ ಸರದಿ ಬರುವಷ್ಟರಲ್ಲಿ ಆ ಹೂಂ ಎಷ್ಟು ಸಲ ಆಗಿತ್ತು ಅಂದರೆ, ನನ್ನ ಗಂಟಲಲ್ಲೂ ಅದೇ ಸಿದ್ಧವಾಗಿ ಕೂತಿತ್ತು.

"ಪಿನ್ನು ನನ್ನದು" ಅಂದೆ.

ಇನ್ಸ್‌ಪೆಕ್ಟರು ಮೂಗು ಒರೆಸುವುದನ್ನು ನಿಲ್ಲಿಸಿದರು. "ಅವಳು ತನ್ನದು ಅಂದಿದಾಳಲ್ಲಮ್ಮ?"

"ಅವಳು ನನ್ನ ಉಳಿಸೋಕೆ ಅಂದಿದಾಳೆ ಮೇಡಂ. ಅದು ನನ್ನ ಮಷೀನು. ನಾನು ಪಿನ್ನು ತೆಗೆದಿದ್ದೆ, ಎಲ್ರಿಗೂ ಗೊತ್ತಿತ್ತು. ಅವತ್ತು ಬೆಳಿಗ್ಗೆ ಮತ್ತೆ ಹಾಕ್ದೆ, ಯಾರಿಗೂ ಹೇಳಲಿಲ್ಲ. ನಿಲ್ಲುತ್ತೆ ಅಂತ ನಂಬಿ ಅವಳು ಕೈ ಹಾಕಿದಳು."

ಗಡಿಯಾರ "ಈ ಹುಡುಗಿಗೆ ತಲೆ ಸರಿ ಇಲ್ಲ" ಅಂದ. ಆಗ ನೀವು ನೆನಪಾದಿರಿ ಅಜ್ಜಿ, ನಾಲಿಗೆ ತಾನಾಗಿ ಹೊರಟಿತು. "ತಲೆ ಸರಿ ಇರಲಿ ಅಂತಾನೇ ಅಲ್ವಾ ಸಾರ್, ನಮಗೆಲ್ಲ ಪಿನ್ನು ಹಂಚಿದ್ದು" ಅಂದೆ. ಇನ್ಸ್‌ಪೆಕ್ಟರು ಏನು ಹಂಚಿದ್ದು ಅಂತ ಕೇಳಿದರು. ಹೇಳಿದೆ. ಗೋಡೆಯ ಹತ್ತಿರ ನಿಂತವರನ್ನು ಕೇಳಿದರು. ನೆಲ ನೋಡುತ್ತಾ ನಿಂತರು. ನನ್ನ ಪರವಾಗಿ ಒಬ್ಬಳೂ ಬಾಯಿ ಬಿಡಲಿಲ್ಲ ಅಜ್ಜಿ, ಅದನ್ನು ಸುಳ್ಳು ಹೇಳುವುದಿಲ್ಲ.

ಇನ್ಸ್‌ಪೆಕ್ಟರು ಎದ್ದರು. "ನಡೀರಿ, ಶೆಡ್ಡಿಗೆ" ಅಂದರು. ಮ್ಯಾನೇಜರು ಮೊದಲು ಚಹಾ ಕುಡಿಯೋಣ ಮೇಡಂ ಅಂದರು. ಅವರು ಆಗಲೇ ಬಾಗಿಲು ದಾಟಿದ್ದರು. ನಮ್ಮ ಸಾಲಿನ ಯಂತ್ರಗಳನ್ನು ಇವತ್ತಿಗೆ ಅಂತ ಚೊಕ್ಕ ಮಾಡಿಟ್ಟಿದ್ದರು. ಅವರು ಅಲ್ಲಿ ನಿಲ್ಲಲೇ ಇಲ್ಲ, ಶೆಡ್ಡಿನ ಆ ಕೊನೆಯ ಸಾಲಿಗೆ ಹೋದರು. ಅಲ್ಲಿಯವರಿಗೆ ಯಾರೂ ಏನೂ ಹೇಳಿರಲಿಲ್ಲ. ಓಡುತ್ತಿದ್ದ ಒಂದು ಯಂತ್ರದ ಬಾಗಿಲು ತೆರೆದರು. ಓಡುತ್ತಲೇ ಇತ್ತು. ಪಕ್ಕದ್ದು ತೆರೆದರು. ಅದೂ. ಮೂರನೆಯದಕ್ಕೆ ಹೋಗುವಾಗ ಗಡಿಯಾರ ತನ್ನ ಕೈಗಡಿಯಾರ ನೋಡಿಕೊಂಡ, ಅಭ್ಯಾಸಬಲದಿಂದ.

ಮೂರು ಸಾಲುಗಳಿಗೆ ಬೀಗ ಹಾಕಿಸಿದ್ದಾರೆ. ಗುಬ್ಬಿಯ ಮೇಲಿನ ತಪ್ಪು ತೆಗೆದರು, ಅವಳ ಆಸ್ಪತ್ರೆ ಖರ್ಚು ಕಂಪನಿಯದೇ ಅಂತ ನನ್ನ ಎದುರೇ ಹೇಳಿದರು. ನನ್ನ ಕೆಲಸ ಹೋಯಿತು. ನನ್ನ ಮೇಲೆ ಕೇಸು ಆಗುತ್ತದೋ ಇಲ್ಲವೋ ಆಮೇಲೆ ತಿಳಿಸುತ್ತಾರಂತೆ. ಕೋಣೆಯವರು ಮಾತಾಡುತ್ತಿಲ್ಲ, ಸಾಲು ಮುಚ್ಚಿದ್ದರಿಂದ ಅವರ ಕೆಲಸವೂ ತೂಗಾಡುತ್ತಿದೆ. ಆದರೂ ಪೆಟ್ಟಿಗೆಯ ಕೊಂಡಿ ಹಾಕಲು ಆಗದೆ ಒದ್ದಾಡುವಾಗ ಒಬ್ಬಳು ಬಂದು ಮೇಲೆ ಕೂತು ಒತ್ತಿಕೊಟ್ಟಳು.

ಮೇಟ್ರನ್ ಮನೆಗೆ ಫೋನ್ ಮಾಡಿದ್ದಾರಂತೆ. ಅಪ್ಪ ಬರುತ್ತಾರಾ? ಏನನ್ನುತ್ತಾರೆ? ಗುಬ್ಬಿಗೆ ಯಾರು ಹೇಳುತ್ತಾರೆ?

ಕಡ್ಡಿ

ಅಂಚೆಯ ಹೊತ್ತು ಮೀರಿತು. ಹಾಸ್ಟೆಲಿನ ಅಡುಗೆಯವರು ನಾಳೆ ನಮ್ಮೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲೇ ಕೊಡುತ್ತೇನೆ.

&nbsp;

ಸೆಪ್ಟೆಂಬರ್ ೭

ಕಡ್ಡೀ,

ಅಡುಗೆಯವರು ಬೆಳಿಗ್ಗೆಯೇ ತಂದುಕೊಟ್ಟರು. ಓದಿ ನಿನ್ನಮ್ಮನ ಕೈಗೆ ಕೊಟ್ಟೆ, ಅವಳು ನಿನ್ನಪ್ಪನ ಕೈಗೆ ಕೊಟ್ಟಳು. ಲಾರಿಯ ಮೆಟ್ಟಿಲ ಮೇಲೆ ಕೂತು ಓದಿದ, ಮಡಿಸಿದ, ಮತ್ತೆ ಬಿಚ್ಚಿ ಓದಿದ. ನಾಳೆಯ ಲೋಡನ್ನು ಬೇರೆಯವನಿಗೆ ಬಿಟ್ಟುಕೊಟ್ಟ. ಈ ಕಾಗದ ಅವನ ಕೈಯಲ್ಲೇ ಕಳಿಸುತ್ತೇನೆ. ನನ್ನ ಹತ್ತಿರ ಇನ್ನೂ ಮಾತಿಲ್ಲ. ನಿನ್ನಮ್ಮನಿಗೆ ಮಾತ್ರ "ಇನ್ನೊಂದು ಕಡೆ ಕೆಲಸ ಹುಡುಕ್ತಾಳಂತಾ?" ಅಂತ ಕೇಳಿದನಂತೆ. ಹೊಸ್ತಿಲು ದಾಟಬಾರದು ಅಂದವನು ತಾನೇ ಮಾತು ಬದಲಾಯಿಸಿದ್ದಾನೆ, ಅವನಿಗೆ ಗೊತ್ತಾಗಿಲ್ಲ. ನೀನೂ ತೋರಿಸಬೇಡ. ದಾರಿಯಲ್ಲಿ ಅವನು ಕೇಳಿದಷ್ಟಕ್ಕೆ ಉತ್ತರ ಕೊಡು. ಕಿಟಕಿ, ಧೂಳು ಅಂತ ಶುರು ಮಾಡಬೇಡ.

ಗುಬ್ಬಿಗೆ ಯಾರು ಹೇಳುತ್ತಾರೆ ಅಂದೆಯಲ್ಲ. ನಿನ್ನ ಕಾಗದ ಬಂದ ಮೇಲೆ ಸಿಕ್ಕಿದ ಮೊದಲನೇ ಬಸ್ಸು ಹತ್ತಿದೆ. ನಾನೇ ಹೋಗಿ ಹೇಳಿದೆ. ಖುಷಿಪಡುತ್ತಾಳೆ, ಅಳುತ್ತಾಳೆ, ನನ್ನ ಕೈ ಹಿಡಿದುಕೊಳ್ಳುತ್ತಾಳೆ ಅಂತ ಸೆರಗು ಸರಿ ಮಾಡಿಕೊಂಡು ಕೂತಿದ್ದೆ.

ಅವಳ ಮುಖ ಕಪ್ಪಿಟ್ಟಿತು. "ಹೇಳಿಬಿಟ್ಟಳಾ?" ಅಂದಳು. "ಅವಳ ಕೆಲಸ?" ಹೋಯಿತು ಅಂದೆ. "ಹಾಗಾದ್ರೆ ನಾನು ಸುಳ್ಳು ಹೇಳಿದ್ದು ಯಾತಕ್ಕೆ? ಮೂರು ಸಲ ಬಂದು ಕೇಳಿದ್ರು ಅಜ್ಜಿ. ಈ ಕೈ ಉರೀತಿರುವಾಗ ಮೂರು ಸಲಾನೂ ನಂದೇ ಅಂದೆ. ಅವಳಿಗೆ ಒಂದು ಸಲ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಾ? ನನ್ನ ಕೇಳಬೇಕು ಅನ್ನಿಸಲಿಲ್ವಾ?" ಅಂತ ಕಿರುಚಿದಳು. ವಾರ್ಡೆಲ್ಲ ತಿರುಗಿ ನೋಡಿತು. "ಪಿನ್ನು ಹಾಕಿದಾಗಲೂ ಹೇಳಲಿಲ್ಲ, ಈಗ ಒಪ್ಕೊಳ್ಳುವಾಗಲೂ ಹೇಳಲಿಲ್ಲ. ಹೋಗಿ ಅಜ್ಜಿ ನೀವು" ಅಂತ ಗೋಡೆ ಕಡೆ ತಿರುಗಿಕೊಂಡಳು. ನಾನು ತಂದ ಊಟ ಹಾಗೇ ವಾಪಸು ತಂದೆ.



ನಿನ್ನಪ್ಪನಿಗೆ ಹೇಳಿಸಿದ್ದೇನೆ, ಮೊದಲು ಲಾರಿಯನ್ನು ಆಸ್ಪತ್ರೆಯ ಮುಂದೆ ನಿಲ್ಲಿಸುತ್ತಾನೆ. ಅವನು ಕೆಳಗೇ ಇರುತ್ತಾನೆ, ನೀನು ಒಬ್ಬಳೇ ಹತ್ತು. ಹೆಂಗಸರ ವಾರ್ಡು, ಕೊನೆಯ ಮಂಚ. ಅವಳು ಬೈಯುತ್ತಾಳೆ. ಎಲ್ಲರ ಎದುರೇ ಬೈಯುತ್ತಾಳೆ, ಒಳ್ಳೆಯ ಗಂಟಲಿದೆ. ತಪ್ಪಾಯಿತು ಅಂತ ಅವಳ ಬಾಯಿ ಕಟ್ಟಬೇಡ, ಅತ್ತು ಅವಳ ಕೈಯಲ್ಲೇ ಸಮಾಧಾನ ಮಾಡಿಸಿಕೊಳ್ಳಬೇಡ. ಮುಗಿಯುವ ತನಕ ನಿಂತು ಕೇಳು. ಆ ಬೈಗುಳ ನಿನ್ನದು, ನಾನು ಎಷ್ಟು ಹೊತ್ತುಕೊಳ್ಳಲು ಹೋದರೂ ಅವಳು ನನಗೆ ಕೊಡಲಿಲ್ಲ.

ಅವಳು ಸುಮ್ಮನಾದ ಮೇಲೆ ಕೂತುಕೋ.

ವಾರ್ಡಿನ ಬಾಗಿಲಾಚೆ, ನಿನಗೂ ಅವಳಿಗೂ ಊಟ ಮುಚ್ಚಿಟ್ಟುಕೊಂಡು ಕಾಯುವ,
ಅಜ್ಜಿ